ಹಾಡು ಬರೆಯುವವರೇ ಹೊರಟುಹೋದ ಮೇಲೆ: ಡೆಪೆಶ್ ಮೋಡ್ ತಂಡದ ಎರಡನೇ ಆಲ್ಬಮ್ ಕುರಿತು

ಮಂದ್ರಸ್ವರ (ಚರ್ಚೆ ಆರಂಭಿಸಿದವರು)

1981ರ ಕೊನೆಯಲ್ಲಿ ವಿನ್ಸ್ ಕ್ಲಾರ್ಕ್ ಬ್ರಿಟನ್ನಿನ ಎಲೆಕ್ಟ್ರಾನಿಕ್ ಪಾಪ್ ಸಂಗೀತದ ಡೆಪೆಶ್ ಮೋಡ್ ತಂಡವನ್ನು ಬಿಡುತ್ತಾರೆ ಎಂಬ ಸುದ್ದಿ ಹೊರಬಿದ್ದಾಗ, ತಂಡದ ಮೊದಲ ಆಲ್ಬಮ್ 'ಸ್ಪೀಕ್ ಆಂಡ್ ಸ್ಪೆಲ್' ಬಂದು ಕೆಲವೇ ವಾರಗಳಾಗಿದ್ದವು. ಬ್ರಿಟನ್ನಿನಲ್ಲಿ ಹೊರಬಂದ ಆ ಆಲ್ಬಮ್ಮಿನ ಹನ್ನೊಂದು ರಚನೆಗಳಲ್ಲಿ ಒಂಬತ್ತು ಕ್ಲಾರ್ಕ್ ಅವರವು; ಮಾರ್ಟಿನ್ ಗೋರ್ ಅವರ ಪಾಲಿಗೆ ಬಂದದ್ದು ಎರಡು, ಅದರಲ್ಲೂ ಒಂದು ಮಾತಿಲ್ಲದ ವಾದ್ಯಸಂಗೀತ. ತಂಡಕ್ಕೆ ಹೆಸರು ತಂದ, ಬಿಡಿ ಹಾಡುಗಳಾಗಿ ಹೊರಬಂದ ಮೊದಲ ಮೂರು ಸಿಂಗಲ್‌ಗಳೂ ಕ್ಲಾರ್ಕ್ ಬರೆದವೇ. ಗಾಯಕ ಹೋದರೆ ದನಿ ಬದಲಾಗುತ್ತದೆ, ವಾದಕ ಹೋದರೆ ಇನ್ನೊಬ್ಬರನ್ನು ಕರೆತರಬಹುದು. ಆದರೆ ಇಲ್ಲಿ ಹೋದದ್ದು ಹಾಡುಗಳು ಹುಟ್ಟುತ್ತಿದ್ದ ತಾವು. ಬ್ಯಾಸಿಲ್ಡನ್ನಿನ ಮೂವರು ಯುವಕರು, ಅಂದರೆ ಗೋರ್, ಗಾಯಕ ಡೇವ್ ಗಾನ್ ಮತ್ತು ಆಂಡಿ ಫ್ಲೆಚರ್, ಒಂದು ವರ್ಷದೊಳಗೆ, 1982ರ ಸೆಪ್ಟೆಂಬರ್ 27ರಂದು, 'ಎ ಬ್ರೋಕನ್ ಫ್ರೇಮ್' ಎಂಬ ಎರಡನೇ ಆಲ್ಬಮ್ ಹೊರತಂದರು. ಅದರ ಹತ್ತೂ ರಚನೆಗಳು ಗೋರ್ ಅವರವು.

ಈ ಆಲ್ಬಮ್ಮನ್ನು ಸಾಮಾನ್ಯವಾಗಿ ಮೊದಲನೆಯದಕ್ಕೂ 1983ರ 'ಕನ್‌ಸ್ಟ್ರಕ್ಷನ್ ಟೈಮ್ ಅಗೇನ್' ಆಲ್ಬಮ್ಮಿಗೂ ನಡುವೆ ಕಟ್ಟಿದ ತಾತ್ಕಾಲಿಕ ಸೇತುವೆಯೆಂದು ಪಕ್ಕಕ್ಕಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇದರಲ್ಲಿ ಇಬ್ಬರು ಮಾರ್ಟಿನ್ ಗೋರ್ ಇದ್ದಾರೆ ಎಂಬುದೇ ನನ್ನ ವಾದ. ಒಬ್ಬರು ಹದಿಹರೆಯದಲ್ಲೇ ಹಾಡು ಬರೆದು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದವರು. 'ಸೀ ಯೂ' ಅಂಥ ಹಳೆಯ ಹಾಡು. ಇನ್ನೊಬ್ಬರು ಈಗಷ್ಟೇ ಹೊಣೆ ಹೆಗಲಿಗೆ ಬಿದ್ದು, ತನ್ನದೇ ಆದ ಮಂಕು ಬಣ್ಣವನ್ನು ಹುಡುಕುತ್ತಿದ್ದವರು. ಗ್ರಾಮಫೋನ್ ತಟ್ಟೆಯ ಮೊದಲ ಬದಿ 'ಲೀವ್ ಇನ್ ಸೈಲೆನ್ಸ್' ಹಾಡಿನಿಂದ ತೆರೆಯುತ್ತದೆ, ಎರಡನೇ ಬದಿ 'ದ ಸನ್ ಆಂಡ್ ದ ರೇನ್‌ಫಾಲ್' ಹಾಡಿನಿಂದ ಮುಚ್ಚುತ್ತದೆ. ಎರಡೂ ಈ ಎರಡನೆಯ ಗೋರ್ ಅವರ ಹಾಡುಗಳು. ಕ್ಲಾರ್ಕ್ ಅವರ ನೆರಳು ಗಾಢವಾಗಿ ಬಿದ್ದಿರುವ 'ದ ಮೀನಿಂಗ್ ಆಫ್ ಲವ್' ಮತ್ತು 'ಎ ಫೋಟೊಗ್ರಾಫ್ ಆಫ್ ಯೂ' ಎರಡನೇ ಬದಿಯ ನಡುವೆ ಅಕ್ಕಪಕ್ಕದಲ್ಲಿ ಕೂತಿವೆ. ಅತಿಥಿಗಳ ಕಣ್ಣಿಗೆ ಬೀಳದಂತೆ ಹಳೆಯ ಕುರ್ಚಿಗಳನ್ನು ಒಳಕೋಣೆಗೆ ಸರಿಸಿದ ಹಾಗೆ ನನಗೆ ಅದು ಕಾಣುತ್ತದೆ. ಆಲ್ಬಮ್ಮಿನ ಹೊಲಿಗೆ ಎದ್ದು ಕಾಣುತ್ತದೆ ಎಂದು ದೂರುವವರಿದ್ದಾರೆ. ನನ್ನನ್ನು ಮತ್ತೆ ಮತ್ತೆ ಅದರತ್ತ ಸೆಳೆಯುವುದು ಆ ಹೊಲಿಗೆಯೇ. ನಿಮಗೆ ಹೇಗನಿಸುತ್ತದೆ?

ಎರಡನೇ ಬದಿ

ಮಂದ್ರಸ್ವರ ಅವರೇ, ನಿಮ್ಮ ಓದು ಸೊಗಸಾಗಿದೆ, ಆದರೆ ಕಿವಿ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಆ ವರ್ಷದ ಮೂರು ಸಿಂಗಲ್‌ಗಳನ್ನು ಸಾಲಾಗಿ ನೋಡಿ: ಜನವರಿಯ 'ಸೀ ಯೂ' ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 6ನೇ ಸ್ಥಾನ, ಏಪ್ರಿಲ್‌ನ 'ದ ಮೀನಿಂಗ್ ಆಫ್ ಲವ್' 12ನೇ ಸ್ಥಾನ, ಆಗಸ್ಟ್‌ನ 'ಲೀವ್ ಇನ್ ಸೈಲೆನ್ಸ್' 18ನೇ ಸ್ಥಾನ. ನೀವು ಹೊಸ ದನಿಯೆಂದು ಕೊಂಡಾಡುತ್ತಿರುವ ಹಾಡೇ ಎಲ್ಲಕ್ಕಿಂತ ಕೆಳಗೆ ನಿಂತಿತು. ಜನ ಮೆಚ್ಚಿದ್ದು ಪೆಟ್ಟಿಗೆಯೊಳಗಿನ ಹಳೆಯ ಹಾಡನ್ನು.

ಪಟ್ಟಿಯ ಲೆಕ್ಕವನ್ನು ಬಿಟ್ಟುಬಿಡೋಣ ಎಂದರೂ ಆಲ್ಬಮ್ಮಿನ ಬಳಲಿಕೆ ಮರೆಯಾಗುವುದಿಲ್ಲ. 'ಸ್ಯಾಟಲೈಟ್' ಜಮೈಕಾದ ರೆಗೇ ಸಂಗೀತದ ಲಯದ ಹತ್ತಿರ ಹೋಗಿ ಅಲ್ಲೇ ಕಾಲೆಳೆಯುತ್ತದೆ. 'ಮಾನ್ಯುಮೆಂಟ್' ಒಂದು ಒಳ್ಳೆಯ ಬಾಸ್ ತುಣುಕನ್ನು ಹಿಡಿದುಕೊಂಡು, ಅದರಿಂದ ಮುಂದೆ ಏನು ಮಾಡಬೇಕೆಂದು ತಿಳಿಯದೆ ಸುತ್ತುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಡೇವ್ ಗಾನ್ ಇನ್ನೂ ಆ ಸಾಲುಗಳ ಒಳಗೆ ಹೋಗಿಲ್ಲ. ಯಾರೋ ಕೊಟ್ಟ ಪತ್ರವನ್ನು ತಪ್ಪಿಲ್ಲದೆ ಓದಿ ಹೇಳುವವರಂತೆ ಹಾಡುತ್ತಾರೆ. ಗೋರ್ ಬರೆದದ್ದನ್ನು ಗಾನ್ ತಮ್ಮದಾಗಿಸಿಕೊಂಡು ಹಾಡುವುದಕ್ಕೆ ಇನ್ನೂ ಕೆಲವು ವರ್ಷ ಬೇಕಾಯಿತು. ಮುಂದೆ ಏನಾಯಿತೆಂದು ಬಲ್ಲ ನಾವು ಆ ಅರಿವನ್ನು ಹಿಂದಕ್ಕೆ ಹೊತ್ತೊಯ್ದು ಈ ಆಲ್ಬಮ್ಮಿನ ಮೇಲೆ ಹೊದಿಸುತ್ತಿದ್ದೇವೆ ಎಂಬುದು ನನ್ನ ಆಕ್ಷೇಪ.

ಲಯಗಾರ

ಇಬ್ಬರ ಮಾತಿನಲ್ಲೂ ಬಿಟ್ಟುಹೋದ ಒಂದು ಸಂಗತಿಯಿದೆ: ಈ ಸಂಗೀತ ಆಗ ತಯಾರಾಗುತ್ತಿದ್ದ ಬಗೆ. ಅದನ್ನು ನೋಡದೆ ಕ್ಲಾರ್ಕ್ ಹೋದದ್ದರಿಂದ ಏನು ಹೋಯಿತು, ಏನು ಉಳಿಯಿತು ಎಂದು ತೂಗುವುದು ಕಷ್ಟ.

ಮೊದಲ ಆಲ್ಬಮ್ಮಿನಂತೆ ಎರಡನೆಯದೂ ಲಂಡನ್ನಿನ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಲ್ಲೇ ಧ್ವನಿಮುದ್ರಣವಾಯಿತು. ಅದು ಪೂಜೆ ನಿಂತುಹೋದ ಒಂದು ಹಳೆಯ ಚರ್ಚಿನ ಕಟ್ಟಡ. ತಂಡದ ಜೊತೆ ನಿರ್ಮಾಣದ ಹೊಣೆ ಹೊತ್ತವರು ಎರಡೂ ಬಾರಿ ಮ್ಯೂಟ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆಯ ಡೇನಿಯಲ್ ಮಿಲ್ಲರ್. ಅಂದರೆ ಕೋಣೆ ಅದೇ, ಯಂತ್ರಗಳನ್ನು ಬಲ್ಲ ಹಿರಿಯರೂ ಅವರೇ. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ, ಆ ಕಾಲದ ಅಗ್ಗದ ಸಿಂಥಸೈಜರ್‌ಗಳಲ್ಲಿ ಬಹುಪಾಲು ಒಂದು ಹೊತ್ತಿಗೆ ಒಂದೇ ಸ್ವರ ನುಡಿಸುವಂಥವು. ಮೂರು ಸ್ವರಗಳು ಒಟ್ಟಿಗೆ ಕೇಳಬೇಕಾದರೆ ಒಂದೊಂದನ್ನೂ ಬೇರೆ ಬೇರೆಯಾಗಿ ನುಡಿಸಿ ಪದರ ಪದರವಾಗಿ ಕೂಡಿಸಬೇಕು. ಈ ಕೊರತೆಯನ್ನೇ ಕ್ಲಾರ್ಕ್ ತಮ್ಮ ಶೈಲಿಯನ್ನಾಗಿ ಮಾಡಿಕೊಂಡಿದ್ದರು. ಅವರ ಹಾಡುಗಳಲ್ಲಿ ಹೀಗೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು ಅಪರೂಪ. ಬದಲಿಗೆ ಮೂರು ನಾಲ್ಕು ಒಂಟಿ ಎಳೆಗಳು, ಸ್ವರಗಳನ್ನು ತಾನೇ ಸಾಲಾಗಿ ನುಡಿಸುವ ಸೀಕ್ವೆನ್ಸರ್ ಯಂತ್ರದ ಬಿಗಿಯಾದ ಲಯದಲ್ಲಿ ಒಂದರ ಸಂದಿಯಲ್ಲಿ ಇನ್ನೊಂದು ನುಗ್ಗಿ ನಡೆಯುತ್ತವೆ. ಅದಕ್ಕೇ ಅವು ಆಟಿಕೆಯ ಗಡಿಯಾರದಷ್ಟು ಚುರುಕಾಗಿ ಕೇಳುತ್ತವೆ.

ಗೋರ್ ಮೊದಲಿನಿಂದಲೂ ಗಿಟಾರ್ ನುಡಿಸುತ್ತಿದ್ದವರು. ಅವರ ಹಾಡುಗಳು ಸ್ವರಗುಚ್ಛಗಳ ಮೇಲೆ ನಿಲ್ಲುತ್ತವೆ. ಒಂದು ಗುಚ್ಛದಿಂದ ಇನ್ನೊಂದಕ್ಕೆ ಜಾರುವಾಗಲೇ ಭಾವ ಮೂಡುತ್ತದೆ. 'ಸೀ ಯೂ' ಹಾಡಿನಲ್ಲಿ ಹಿಂದಿನಿಂದ ಎದ್ದುಬರುವ ಕೂಡುದನಿಗಳನ್ನು ಗಮನಿಸಿ. ಅಂಥದ್ದು ಕ್ಲಾರ್ಕ್ ಅವರ ಜಾಯಮಾನವೇ ಅಲ್ಲ. ಮಂದ್ರಸ್ವರ ಅವರು ಹೇಳುವ ಹೊಲಿಗೆ ಹಳೆಯ ಗೋರ್ ಮತ್ತು ಹೊಸ ಗೋರ್ ನಡುವೆ ಇರುವುದಲ್ಲ, ಕ್ಲಾರ್ಕ್ ಅವರಿಗೆ ಒಪ್ಪುವಂತೆ ಹೊಂದಿಸಿದ್ದ ಕಾರ್ಯವಿಧಾನಕ್ಕೂ ಗೋರ್ ಅವರ ಕಲ್ಪನೆಗೂ ನಡುವೆ ಇರುವುದು ಎಂದು ನನಗನ್ನಿಸುತ್ತದೆ. 'ದ ಮೀನಿಂಗ್ ಆಫ್ ಲವ್' ಹಾಡಿನಲ್ಲಿ ಗೋರ್ ಆ ವಿಧಾನಕ್ಕೆ ಶರಣಾಗಿದ್ದಾರೆ, 'ಲೀವ್ ಇನ್ ಸೈಲೆನ್ಸ್' ಹಾಡಿನಲ್ಲಿ ಅದನ್ನು ಬಾಗಿಸಿದ್ದಾರೆ. ಎರಡನೇ ಬದಿ ಅವರು ಹೆಸರಿಸದ 'ನಥಿಂಗ್ ಟು ಫಿಯರ್' ರಚನೆಯನ್ನೂ ಮರೆಯಬಾರದು. ಅದರಲ್ಲಿ ಹಾಡುಗಾರಿಕೆಯೇ ಇಲ್ಲ. ಆಲ್ಬಮ್ಮಿನಲ್ಲಿ ಎಲ್ಲಕ್ಕಿಂತ ಆತ್ಮವಿಶ್ವಾಸದಿಂದ ನಡೆಯುವುದು ಅದೇ.

ಗೀಚುಗೆರೆ

ಹಾಗಾದರೆ ಆಲನ್ ವೈಲ್ಡರ್ ಅವರ ಮಾತು ಬರಲೇಬೇಕು. ಕ್ಲಾರ್ಕ್ ಹೋದ ಮೇಲೆ 'ಮೆಲಡಿ ಮೇಕರ್' ಪತ್ರಿಕೆಯಲ್ಲಿ ತಂಡದ ಹೆಸರು ಹೇಳದೆ ಒಂದು ಜಾಹೀರಾತು ಕೊಟ್ಟು, ಇಪ್ಪತ್ತೊಂದರ ಒಳಗಿನ ಸಿಂಥಸೈಜರ್ ವಾದಕ ಬೇಕೆಂದು ಕೇಳಲಾಯಿತು. ವೈಲ್ಡರ್ ಅವರಿಗೆ ಆಗ ಇಪ್ಪತ್ತೆರಡು ಆಗಿತ್ತು. ವಯಸ್ಸನ್ನು ಮರೆಮಾಚಿ ಒಳಬಂದರು. ಶಾಸ್ತ್ರೀಯವಾಗಿ ಪಿಯಾನೋ ಕಲಿತವರು, ಉಳಿದ ಮೂವರಿಗಿಂತ ಕೈಚಳಕ ಬಲ್ಲವರು. 1982ರ ಆರಂಭದಿಂದಲೇ ತಂಡದ ಜೊತೆ ವೇದಿಕೆಯ ಮೇಲೆ ನಿಂತರು, ದೇಶ ಸುತ್ತಿದರು. ಆದರೆ ಆಲ್ಬಮ್ಮಿನ ಧ್ವನಿಮುದ್ರಣದ ಸರದಿ ಬಂದಾಗ, ನಿಮ್ಮ ಅಗತ್ಯ ಇಲ್ಲ ಎಂದು ಅವರನ್ನು ಹೊರಗೇ ಉಳಿಸಲಾಯಿತು. ಕ್ಲಾರ್ಕ್ ಇಲ್ಲದೆಯೂ ತಾವು ಮೂವರೇ ಮಾಡಬಲ್ಲೆವೆಂದು ತೋರಿಸಬೇಕಿತ್ತಂತೆ!

ಇದು ಮಾನದ ಪ್ರಶ್ನೆಯಾಗಿರಬಹುದು, ಆದರೆ ಸಂಗೀತ ಅದಕ್ಕೆ ಬೆಲೆ ತೆತ್ತಿತು. ಲಯಗಾರ ಅವರು ಹೇಳಿದ ಆ ಗುಚ್ಛಗಳನ್ನು ಹೇಗೆ ಹರಡಬೇಕು, ಎಲ್ಲಿ ಜಾಗ ಬಿಡಬೇಕು, ಒಂದು ಶಬ್ದದ ಹಿಂದೆ ಇನ್ನೊಂದನ್ನು ಹೇಗೆ ಅಡಗಿಸಬೇಕು ಎಂಬ ವಿದ್ಯೆ ಬಲ್ಲವರು ಬಾಗಿಲ ಹೊರಗೆ ನಿಂತಿದ್ದರು. 1983ರ ಜನವರಿಯ 'ಗೆಟ್ ದ ಬ್ಯಾಲೆನ್ಸ್ ರೈಟ್' ಸಿಂಗಲ್‌ನಿಂದ ಅವರು ಧ್ವನಿಮುದ್ರಣದಲ್ಲೂ ಸೇರಿಕೊಂಡರು, ಮುಂದಿನ ಆಲ್ಬಮ್ಮಿಗೆ ಎರಡು ಹಾಡುಗಳನ್ನೂ ಬರೆದರು. ಎರಡು ಆಲ್ಬಮ್‌ಗಳನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೇಳಿದರೆ 'ಎ ಬ್ರೋಕನ್ ಫ್ರೇಮ್' ಎಷ್ಟು ತೆಳುವಾಗಿದೆ ಎಂಬುದು ಯಾರಿಗೂ ತಿಳಿಯುತ್ತದೆ.

ಮಂದ್ರಸ್ವರ

ಗೀಚುಗೆರೆ ಅವರೇ, ಆ ತೆಳುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆಲ್ಲ ವೈಲ್ಡರ್ ಅವರ ಗೈರುಹಾಜರಿಯೇ ಕಾರಣವೆಂದು ಹೇಳಲು ಬಾರದು. ನೀವು ಪಕ್ಕದಲ್ಲಿಡುವ 1983ರ ಆಲ್ಬಮ್ ಬೇರೊಂದು ಸ್ಟುಡಿಯೋದಲ್ಲಿ, ಹೊರಗಿನ ಶಬ್ದಗಳನ್ನು ಹಿಡಿದು ಸ್ವರವಾಗಿಸುವ ಸ್ಯಾಂಪ್ಲರ್ ಯಂತ್ರ ಕೈಗೆ ಬಂದ ಮೇಲೆ ತಯಾರಾದದ್ದು. ಕಬ್ಬಿಣ ಬಡಿದ ಸದ್ದೂ ಕಲ್ಲು ಉರುಳಿದ ಸದ್ದೂ ತಾಳವಾದದ್ದು ಆಗಲೇ. ವೈಲ್ಡರ್ ಮತ್ತು ಆ ಯಂತ್ರ ಒಂದೇ ಹೊತ್ತಿಗೆ ಒಳಬಂದದ್ದರಿಂದ, ಯಾರ ಪಾಲು ಎಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಮೂವರ ಹಠದ ಬಗ್ಗೆ ನಾನು ನಿಮಗಿಂತ ಸ್ವಲ್ಪ ಮೆತ್ತಗಿದ್ದೇನೆ. ಅವರಲ್ಲಿ ಗೋರ್ ಬ್ಯಾಂಕಿನಲ್ಲೂ ಫ್ಲೆಚರ್ ವಿಮಾ ಕಚೇರಿಯಲ್ಲೂ ಇದ್ದ ಕೆಲಸ ಬಿಟ್ಟು ಬಂದು ವರ್ಷ ತುಂಬಿರಲಿಲ್ಲ. ಕ್ಲಾರ್ಕ್ ಹೋದ ಮರುಗಳಿಗೆಯೇ ಅವರಿಗಿಂತ ಚೆನ್ನಾಗಿ ನುಡಿಸುವ ಹೊಸಬರನ್ನು ಸ್ಟುಡಿಯೋದೊಳಗೆ ಕೂರಿಸಿದ್ದರೆ, ಗೋರ್ ತಮ್ಮ ಹಾಡಿನ ತಪ್ಪುಗಳನ್ನು ತಾವೇ ಕೇಳಿಸಿಕೊಳ್ಳುವ ಅವಕಾಶ ಸಿಗುತ್ತಿರಲಿಲ್ಲ. ವೈಲ್ಡರ್ ಅವರಿಗೆ ನೋವಾಗಿದ್ದರೆ ಆ ನೋವು ನ್ಯಾಯವಾದದ್ದೇ. 'ಸೀ ಯೂ' ಹಾಡಿನ ವಿಡಿಯೋದಲ್ಲಿ ಅವರು ಕಾಣುತ್ತಾರೆ, ಹಾಡಿನಲ್ಲಿ ಅವರ ಒಂದು ಸ್ವರವೂ ಇಲ್ಲ. ಅಂದಹಾಗೆ, ಆ ವರ್ಷದ ಮೂರು ಸಿಂಗಲ್‌ಗಳ ವಿಡಿಯೋಗಳನ್ನೂ ತಂಡ 1985ರಲ್ಲಿ ತಂದ ತನ್ನ ವಿಡಿಯೋ ಸಂಗ್ರಹದಿಂದ ಕೈಬಿಟ್ಟಿತು. ಅವನ್ನು ನೋಡಿದವರಿಗೆ ಕಾರಣ ಕೇಳುವ ಅಗತ್ಯ ಬೀಳುವುದಿಲ್ಲ.

ಎರಡನೇ ಬದಿ ಅವರಿಗೆ ಒಂದು ಮಾತು. ನೀವು ಕೊಟ್ಟ ಅಂಕಿಗಳೆಲ್ಲ ಸರಿ, ಆದರೆ ಅವುಗಳಲ್ಲೇ ಇನ್ನೊಂದು ಕಥೆಯೂ ಇದೆ. ಕ್ಲಾರ್ಕ್ ಇದ್ದಾಗ ತಂಡ ಏರಿದ ಅತಿ ಎತ್ತರದ ಮೆಟ್ಟಿಲು 'ಜಸ್ಟ್ ಕಾಂಟ್ ಗೆಟ್ ಎನಫ್' ತಂದ 8ನೇ ಸ್ಥಾನ. ಅವರು ಹೋದ ಬಳಿಕ ಬಂದ ಮೊದಲ ಸಿಂಗಲ್ ಅದನ್ನು ದಾಟಿತು. ಆಲ್ಬಮ್‌ಗಳ ಪಟ್ಟಿಯಲ್ಲೂ ಮೊದಲನೆಯದು 10ನೇ ಸ್ಥಾನಕ್ಕೆ ನಿಂತರೆ ಎರಡನೆಯದು 8ಕ್ಕೆ ಹೋಯಿತು.

ನಾಲ್ಕನೇ ದನಿ

ಹೋಲಿಕೆಗೆ ಇನ್ನೊಂದು ತಂಡವನ್ನು ತರಬಹುದೇ? ಬ್ರಿಟನ್ನಿನ ಮೂವರು ಗಾಯಕಿಯರ ಶುಗಬೇಬ್ಸ್ ತಂಡದ ಎರಡನೇ ಆಲ್ಬಮ್ಮೂ ಸದಸ್ಯರ ಬದಲಾವಣೆಯ ನಂತರವೇ ಬಂದದ್ದು. 2001ರಲ್ಲಿ ಶಿವಾನ್ ಡಾನಹಿ ಹೊರಟರು, ಹೈಡಿ ರೇಂಜ್ ಬಂದರು, ಹಳೆಯ ಧ್ವನಿಮುದ್ರಣ ಸಂಸ್ಥೆಯೂ ಕೈಬಿಟ್ಟಿತು. ಅಲ್ಲಿಗೆ ಕಥೆ ಮುಗಿಯಿತು ಎನ್ನುವಾಗ 2002ರಲ್ಲಿ ಹೊಸ ಸಂಸ್ಥೆಯ ಮೂಲಕ 'ಫ್ರೀಕ್ ಲೈಕ್ ಮಿ' ಹೊರಬಂದು ಬ್ರಿಟನ್ನಿನ ಪಟ್ಟಿಯ ತುದಿಗೇರಿತು. ನಿರ್ಮಾಪಕ ರಿಚರ್ಡ್ ಎಕ್ಸ್, ಅಡೀನಾ ಹವರ್ಡ್ ಅವರ ಹಾಡನ್ನು ಗ್ಯಾರಿ ನ್ಯೂಮನ್ ಅವರ ಸಿಂಥಸೈಜರ್ ಸಂಗೀತದ ಮೇಲೆ ಕೂರಿಸಿ ಕಟ್ಟಿದ್ದ ಹಾಡು ಅದು. ಅದರ ಬೆನ್ನಿಗೇ 'ರೌಂಡ್ ರೌಂಡ್' ಕೂಡ ಮೊದಲ ಸ್ಥಾನಕ್ಕೆ ಹೋಯಿತು. ಮೊದಲ ಆಲ್ಬಮ್ 26ನೇ ಸ್ಥಾನದಲ್ಲಿ ನಿಂತಿದ್ದರೆ ಎರಡನೆಯದು 2ಕ್ಕೆ ಏರಿತು. ಮೊದಲ ಆಲ್ಬಮ್ಮಿನ ಮುಗ್ಗರಿಸುವ ಹರೆಯವೇ ನನಗೆ ಹೆಚ್ಚು ಇಷ್ಟ, ಆದರೆ ಎರಡನೆಯದರಲ್ಲಿ ಹೊಲಿಗೆ ಎಲ್ಲೂ ಕಾಣುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಮಂದ್ರಸ್ವರ ಅವರ ಲೆಕ್ಕದಲ್ಲಿ ಅದು ಕೊರತೆಯೋ?

ಲಯಗಾರ

ನಾಲ್ಕನೇ ದನಿ ಅವರ ಉದಾಹರಣೆ ಒಳ್ಳೆಯದು, ಆದರೆ ಬದಲಾವಣೆಯ ಜಾತಿ ಬೇರೆ. ಅಲ್ಲಿ ಮೂವರು ಹಾಡುಗಾರ್ತಿಯರಲ್ಲಿ ಒಬ್ಬರ ಕಂಠ ಬದಲಾಯಿತು. ಹಾಡು ಕಟ್ಟುವ ಕೆಲಸದಲ್ಲಿ ಹುಡುಗಿಯರ ಜೊತೆ ಹೊರಗಿನ ನುರಿತ ಕೈಗಳು ಮೊದಲೂ ಇದ್ದವು, ಆಮೇಲೂ ಇದ್ದವು. ಕಾರ್ಖಾನೆಯನ್ನೇ ಬದಲಿಸಿ ಹೊಸ ಸರಕು ತರಬಹುದಾಗಿತ್ತು, ತಂದರು. ಡೆಪೆಶ್ ಮೋಡ್‌ಗೆ ಆ ದಾರಿ ಇರಲಿಲ್ಲ, ಅವರು ಅದನ್ನು ಬಯಸಲೂ ಇಲ್ಲ. ಹ್ಯೂಮನ್ ಲೀಗ್ ಎಂಬ ಇನ್ನೊಂದು ಬ್ರಿಟಿಷ್ ಸಿಂಥಸೈಜರ್ ತಂಡದ 'ಡೇರ್' ಆಲ್ಬಮ್ಮನ್ನು ಯಾರಾದರೂ ಎತ್ತುವ ಮೊದಲೇ ಹೇಳಿಬಿಡುತ್ತೇನೆ: ಅರ್ಧ ತಂಡ ಒಡೆದು ಹೋದ ಮೇಲೆ ಬಂದ ಆ ಆಲ್ಬಮ್ ಅವರ ಎರಡನೆಯದಲ್ಲ, ಮೂರನೆಯದು.

ನಿಜವಾದ ಹೋಲಿಕೆ ಹೊರಗೆಲ್ಲೂ ಇಲ್ಲ; ಅದೇ ಕಟ್ಟಡದಲ್ಲಿದೆ. ತಂಡ ಬಿಟ್ಟ ಕ್ಲಾರ್ಕ್, ಅಲಿಸನ್ ಮೊಯೆ ಎಂಬ ಗಾಯಕಿಯ ಜೊತೆ ಯಾಜೂ ಎಂಬ ಜೋಡಿಯನ್ನು ಕಟ್ಟಿದರು. ಅದೇ 1982ರಲ್ಲಿ, ಅದೇ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಲ್ಲಿ, ಅದೇ ಮ್ಯೂಟ್ ಸಂಸ್ಥೆಗಾಗಿ 'ಅಪ್‌ಸ್ಟೇರ್ಸ್ ಅಟ್ ಎರಿಕ್ಸ್' ಎಂಬ ಆಲ್ಬಮ್ ಮಾಡಿದರು. ಹೆಸರಿನಲ್ಲಿರುವ ಎರಿಕ್, ಆ ಸ್ಟುಡಿಯೋದ ಎರಿಕ್ ರ‍್ಯಾಡ್‌ಕ್ಲಿಫ್. ಅದು ಪಟ್ಟಿಯ 2ನೇ ಸ್ಥಾನಕ್ಕೆ ಹೋಯಿತು, ಅದರ 'ಓನ್ಲಿ ಯೂ' ಸಿಂಗಲ್ ಕೂಡ 2ಕ್ಕೇ. ಜಗಳವಾಡಿ ಪಾಲು ತೆಗೆದುಕೊಂಡ ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ ಎರಡು ಒಲೆ ಹೂಡಿದಂತಾಯಿತು. ಆಶ್ಚರ್ಯವೆಂದರೆ, ತಂಡ ಬಿಟ್ಟ ಮೇಲೆ ಕ್ಲಾರ್ಕ್ ಕೂಡ ನಿಧಾನವಾದ, ನೋವಿನ ಹಾಡುಗಳತ್ತ ಹೊರಳಿದರು. ಮೊಯೆ ಅವರ ಬ್ಲೂಸ್ ಛಾಯೆಯ ಕಂಠ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅಂದರೆ 'ಸ್ಪೀಕ್ ಆಂಡ್ ಸ್ಪೆಲ್' ಆಲ್ಬಮ್ಮಿನ ಆ ಮುಗ್ಧ ಗೆಲುವು ಕ್ಲಾರ್ಕ್ ಒಬ್ಬರ ಸ್ವಭಾವ ಆಗಿರಲಿಲ್ಲ. ನಾಲ್ವರೂ ಒಟ್ಟಿಗಿದ್ದಾಗ ಮಾತ್ರ ಬರುತ್ತಿದ್ದ ದನಿ ಅದು, ಬೇರೆಯಾದ ಮೇಲೆ ಇಬ್ಬರಲ್ಲಿ ಯಾರಿಗೂ ಹಾಗೆಯೇ ಉಳಿಯಲಿಲ್ಲ.

ಎರಡನೇ ಬದಿ

ಈ ಕೊನೆಯ ಮಾತು ನನ್ನನ್ನು ಸ್ವಲ್ಪ ಅಲುಗಾಡಿಸಿತು. ಕ್ಲಾರ್ಕ್ ಅವರ ಜಾಗ ತುಂಬಲಾರದೆ ಹೋದ ಆಲ್ಬಮ್ ಎಂದು ನಾನು ಇದನ್ನು ಕೇಳುತ್ತಿದ್ದೆ; ಸ್ವತಃ ಕ್ಲಾರ್ಕ್ ಅವರೇ ಆ ಜಾಗದಲ್ಲಿ ಇರಲಿಲ್ಲ ಎಂದರೆ ನನ್ನ ಅಳತೆಗೋಲೇ ಸುಳ್ಳಾಗುತ್ತದೆ. ಆದರೂ 'ಸ್ಯಾಟಲೈಟ್' ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಬದಲಿಸಲಾರರು.

ಗೀಚುಗೆರೆ

ಹೊದಿಕೆಯ ಚಿತ್ರದ ಮಾತೇ ಬರಲಿಲ್ಲವಲ್ಲ? ಮೊದಲ ಆಲ್ಬಮ್ಮಿಗೆ ಪ್ಲಾಸ್ಟಿಕ್ ಹೊದೆಸಿದ ಹಂಸದ ಚಿತ್ರ ಕೊಟ್ಟವರೂ, ಇದಕ್ಕೆ ಬೆಳೆದು ನಿಂತ ಪೈರಿನ ನಡುವೆ ಬಾಗಿ ಕೊಯ್ಲು ಮಾಡುತ್ತಿರುವ ಹೆಂಗಸಿನ ಚಿತ್ರ ಕೊಟ್ಟವರೂ ಒಬ್ಬರೇ: ಛಾಯಾಗ್ರಾಹಕ ಬ್ರಯನ್ ಗ್ರಿಫಿನ್. ನೋಡಿದರೆ ಹಳೆಯ ತೈಲವರ್ಣದ ಚಿತ್ರವೇ ಅನ್ನಿಸುತ್ತದೆ. ತಲೆಗೆ ವಸ್ತ್ರ, ಕೈಯಲ್ಲಿ ಕುಡುಗೋಲು, ಮೇಲೆ ಕವಿದ ಮೋಡ. ನಿಜದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರಿನ ಹೊಲವೊಂದರಲ್ಲಿ ತೆಗೆದ ಛಾಯಾಚಿತ್ರ. 1980ರ ದಶಕದ ಅತ್ಯುತ್ತಮ ಛಾಯಾಚಿತ್ರಗಳನ್ನು ಆರಿಸಿದ 'ಲೈಫ್' ಪತ್ರಿಕೆ ಇದನ್ನು ತನ್ನ ಮುಖಪುಟಕ್ಕೇ ಹಾಕಿಕೊಂಡಿತು. ಒಳಗಿನ ಸಂಗೀತದಲ್ಲಿ ಇಲ್ಲದ ತೂಕ ಹೊದಿಕೆಗೆ ಇದೆ ಎಂದರೆ ಮಂದ್ರಸ್ವರ ಅವರು ಕೋಪಿಸಿಕೊಳ್ಳಬಾರದು. 1983ರ ಆಲ್ಬಮ್ಮಿನ ಹೊದಿಕೆಯಲ್ಲಿ ಬೆಟ್ಟದ ಎದುರು ಸುತ್ತಿಗೆ ಎತ್ತಿದ ಗಂಡಸು ನಿಂತಿದ್ದಾನೆ. ಕುಡುಗೋಲಿನ ಬೆನ್ನಿಗೆ ಸುತ್ತಿಗೆ ಬಂದದ್ದನ್ನು ನೋಡುವಾಗ, ಎರಡೂ ಆಲ್ಬಮ್‌ಗಳು ಒಂದೇ ವಾಕ್ಯದ ಎರಡು ಭಾಗಗಳಂತೆ ತೋರುತ್ತವೆ. ಈ ಒಂದು ಕಾರಣಕ್ಕೆ 'ಸೇತುವೆ' ಎಂಬ ಮಾತನ್ನು ಬೈಗುಳವಾಗಿ ಬಳಸುವುದನ್ನು ನಾನು ಬಿಡಲು ಸಿದ್ಧ.

ನಾಲ್ಕನೇ ದನಿ

ಈ ಚರ್ಚೆಯ ದೆಸೆಯಿಂದ ನಿನ್ನೆ ರಾತ್ರಿ ಮೊದಲ ಬಾರಿ ಪೂರ್ತಿ ಕೇಳಿದೆ. 'ಶುಡಂಟ್ ಹ್ಯಾವ್ ಡನ್ ದಟ್' ಹಾಡಿನ ಬಗ್ಗೆ ನೀವು ಯಾರೂ ಒಂದು ಮಾತೂ ಆಡದಿರುವುದು ಸೋಜಿಗ. ಗೋರ್ ಮತ್ತು ಗಾನ್ ದನಿಗಳು ಜೊತೆಯಾಗಿ, ಬೆಳೆಯುತ್ತ ದಾರಿ ತಪ್ಪಿದ ಹುಡುಗನೊಬ್ಬನ ಕಥೆಯನ್ನು ಮಕ್ಕಳ ಪದ್ಯದ ಧಾಟಿಯಲ್ಲಿ ಹೇಳುತ್ತವೆ, ನಡುವೆ ಕವಾಯತಿನ ಹೆಜ್ಜೆಗಳ ಸದ್ದು ಬರುತ್ತದೆ. ಗಾನ್ ಒಳಗೆ ಇಳಿಯದೆ ಹಾಡುತ್ತಾರೆ ಎಂದು ಎರಡನೇ ಬದಿ ಅವರು ದೂರಿದ್ದರು. ಇಲ್ಲಿ ಆ ಇಳಿಯದಿರುವಿಕೆಯೇ ಹಾಡಿನ ಭಯ. ಮನಸ್ಸಿಟ್ಟು ಹಾಡಿದ್ದರೆ ಕೆಡುತ್ತಿತ್ತು.

ಮಂದ್ರಸ್ವರ

ಸರಿಯಾಗಿ ಹೇಳಿದಿರಿ. ಆ ಹಾಡನ್ನು ನಾನು ಬಿಟ್ಟದ್ದು ತಪ್ಪೇ. ಲಯಗಾರ ಅವರ ತಿದ್ದುಪಡಿಯನ್ನೂ ಒಪ್ಪುತ್ತೇನೆ: ಇಬ್ಬರು ಗೋರ್ ಎಂಬ ನನ್ನ ಮಾತಿಗಿಂತ, ಇನ್ನೊಬ್ಬರಿಗಾಗಿ ಹೊಂದಿಸಿದ್ದ ಯಂತ್ರಗಳ ಮುಂದೆ ಕೂತ ಒಬ್ಬ ಗೋರ್ ಎಂಬ ಅವರ ಮಾತು ಹಾಡುಗಳಿಗೆ ಹತ್ತಿರವಿದೆ. 'ಸ್ಯಾಟಲೈಟ್' ಹಾಡನ್ನು ನಾನೂ ಸಮರ್ಥಿಸಲಾರೆ.

ಒಂದೇ ಕೋರಿಕೆ. ಎರಡನೇ ಬದಿ ಅವರು ತಮ್ಮ ಹೆಸರಿಗೆ ತಕ್ಕಂತೆ ಎರಡನೇ ಬದಿಯ ಕೊನೆಯ ಹಾಡನ್ನು ಇನ್ನೊಮ್ಮೆ ಕೇಳಬೇಕು. ಶುರುವಿನಲ್ಲಿ ಗಾನ್ ಒಬ್ಬರೇ ಇದ್ದಾರೆ, ಕೆಳಗೆ ಒಂದು ಬಾಸ್ ಎಳೆ ಮಾತ್ರ ನಡೆಯುತ್ತಿದೆ. ಹಾಡು ಮುಗಿಯುವ ಹೊತ್ತಿಗೆ ಬೇರೆ ಬೇರೆ ಸಾಲುಗಳನ್ನು ಹಿಡಿದ ದನಿಗಳು ಒಂದರ ಮೇಲೊಂದು ಬಂದು ಸೇರುತ್ತವೆ, ಯಾವುದೂ ಇನ್ನೊಂದಕ್ಕೆ ದಾರಿ ಬಿಡುವುದಿಲ್ಲ. ಕ್ಲಾರ್ಕ್ ಒಂಟಿ ಸ್ವರದ ಯಂತ್ರಗಳಿಂದ ಮಾಡಿಸುತ್ತಿದ್ದ ನೇಯ್ಗೆಯನ್ನು ಇಲ್ಲಿ ಮನುಷ್ಯರ ಕಂಠಗಳು ಮಾಡುತ್ತಿವೆ. 2006ರಲ್ಲಿ ಬಂದ ಮರುಸಂಸ್ಕರಿತ ಆವೃತ್ತಿ ಸಿಕ್ಕರೆ ಅದರಲ್ಲಿ, ಹೆಡ್‌ಫೋನ್ ಹಾಕಿಕೊಂಡು, ಕೊನೆಯ ಒಂದು ನಿಮಿಷವನ್ನಷ್ಟೇ ಕೇಳಿದರೂ ಸಾಕು.

ಎರಡನೇ ಬದಿ

ಕೇಳಿದೆ. ಒಂದು ನಿಮಿಷ ಸಾಲಲಿಲ್ಲ, ಮೊದಲಿನಿಂದ ಹಾಕಿದೆ. ಆ ಕೊನೆಯ ದನಿಗಳಲ್ಲಿ ಗೋರ್ ಅವರ ದನಿ ಯಾವುದು, ಗಾನ್ ಅವರದು ಯಾವುದು ಎಂದು ಮೂರನೇ ಸಲಕ್ಕೆ ನನಗೆ ಗೊಂದಲವಾಗತೊಡಗಿತು. ಲಯಗಾರ ಅವರು ಬಿಡಿಸಿ ಹೇಳಬಲ್ಲರೇ?